ಏಳು ದಿನದ ಟಿಕೆಟ್

“ಪಾಸ್‌ವರ್ಡ್ ಹಾಕಿ ಮೇಡಂ,” ಎಂದವನೇ ಅವನು ಕುರ್ಚಿ ತಿರುಗಿಸಿ ಗೋಡೆಗೆ ಮುಖ ಮಾಡಿ ಕುಳಿತ.

ಮಹಾದೇವಿಯ ಬೆರಳುಗಳು ಕೀಬೋರ್ಡಿನ ಮೇಲೆ ಹಾಗೇ ನಿಂತವು. ಬಾಗಲಕೋಟೆಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಬಂದು ಎರಡು ವರ್ಷ. ಬಸ್ಸಿನಲ್ಲಿ, ಲಿಫ್ಟಿನಲ್ಲಿ, ಕ್ಯಾಂಟೀನಿನ ಸಾಲಿನಲ್ಲಿ ದಿಟ್ಟಿಸಿ ನೋಡುವವರನ್ನು ಕಂಡಿದ್ದಳು. ನೋಡದಿರಲೆಂದು ಇಡೀ ಮೈಯನ್ನೇ ತಿರುಗಿಸಿ ಕೂತವನನ್ನು ಕಂಡಿರಲಿಲ್ಲ.

“ಆಯ್ತಾ?”

“ಇನ್ನೂ ಇಲ್ರೀ.”

“ಅಷ್ಟುದ್ದದ ಪಾಸ್‌ವರ್ಡಾ?”

“ನೀವು ಸುಮ್ನ ಗ್ವಾಡಿ ನೋಡ್ರಿ.”

ಅವನ ಭುಜಗಳು ಸಣ್ಣಗೆ ಕುಲುಕಿದವು. ನಗುತ್ತಿದ್ದ. ಆ ನಗುವಿನ ಮುಖ ಹೇಗಿರಬಹುದು... ಎಂದುಕೊಂಡಳು. ಅದೇ ಶುರು.

ಅವನು ಶ್ರೀಧರ್, ಚಂದಾಪುರದವನು. ನೂರಾರು ಕಂಪ್ಯೂಟರ್‌ಗಳನ್ನು ಜೋಡಿಸಿದ ಕ್ಲಸ್ಟರ್‌ಗೆ ಅವನೇ ಕಾವಲು. ಮೂರನೇ ಮಹಡಿಯ ಆ ಗಾಜಿನ ಕೋಣೆ ಅವನ ಸುಪರ್ದಿಯಲ್ಲಿತ್ತು.

ಲಕ್ಷಾಂತರ ಮನೆಗಳ ವಿದ್ಯುತ್ ಮೀಟರಿನ ಮಾಹಿತಿಯನ್ನು ಸೋಸುವ ಮಹಾದೇವಿಯ ಜಾಬ್, ಅಂದರೆ ಕ್ಲಸ್ಟರಿನಲ್ಲಿ ತಾನಾಗಿ ಓಡುವ ಪ್ರೋಗ್ರಾಂ, ಮುಗಿಯಲು ಹನ್ನೆರಡು ದಿನ ಬೇಕು. ಕ್ಲಸ್ಟರಿನ ಪ್ರತಿ ಕಂಪ್ಯೂಟರೂ ಅದನ್ನು ‘ನೀನ್ಯಾರು’ ಎಂದು ಕೇಳುತ್ತಲೇ ಇರುತ್ತದೆ. ಕೇಳಿದಾಗಲೆಲ್ಲ ಅದು ತನ್ನ ಒಡತಿಯ ಗುರುತಿನ ಟಿಕೆಟ್ ತೋರಿಸಬೇಕು. ಟಿಕೆಟ್ಟಿನ ಆಯುಸ್ಸು ಏಳೇ ದಿನ. ಹಾಗಾಗಿ ಪ್ರತಿ ಮಂಗಳವಾರ ಹನ್ನೊಂದು ಗಂಟೆಗೆ ಅವಳು ಮೂರನೇ ಮಹಡಿಗೆ ಬಂದು, ಪಾಸ್‌ವರ್ಡ್ ಹಾಕಿ ಹೊಸ ಟಿಕೆಟ್ ಪಡೆಯಬೇಕು. ಶ್ರೀಧರ್ ಸಾಕ್ಷಿಯಾಗಿ ಕೂರಬೇಕು, ಆದರೆ ನೋಡಬಾರದು. ಅದು ನಿಯಮ.

ಮೂರನೇ ಮಂಗಳವಾರದ ಹೊತ್ತಿಗೆ ಅವಳಿಗೊಂದು ವಿಷಯ ತಿಳಿಯಿತು. ಇಂಥ ಉದ್ದನೆಯ ಜಾಬ್‌ಗಳಿಗೆಂದೇ ‘ಕೀ ಫೈಲ್’ ಎಂಬುದಿದೆ. ಅದನ್ನು ಕೊಟ್ಟುಬಿಟ್ಟರೆ ಜಾಬ್ ತನ್ನ ಟಿಕೆಟ್ಟನ್ನು ತಾನೇ ಪಡೆದುಕೊಳ್ಳುತ್ತದೆ. ಯಾರೂ ಯಾವ ಮಹಡಿಯನ್ನೂ ಹತ್ತಬೇಕಿಲ್ಲ.

ಆ ಮಧ್ಯಾಹ್ನವೇ ಅರ್ಜಿ ಹಾಕಿದಳು.

ಅರ್ಧ ಗಂಟೆಯಲ್ಲಿ ತಾನೇ ರದ್ದು ಮಾಡಿದಳು.

‘ವಾರಕ್ಕೊಂದು ಹತ್ತು ನಿಮಿಷ. ಅಷ್ಟರಿಂದ ಯಾರಿಗೇನು ನಷ್ಟ?’

ಹೀಗೆ ಐದು ತಿಂಗಳು. ಮಂಗಳವಾರಗಳಲ್ಲಿ ಅವಳು ಹಸಿರು ಚೂಡಿದಾರ ಹಾಕುವುದನ್ನು ಮನೆ ಮಾಲಕಿ ಭದ್ರಮ್ಮ ಕೂಡ ಗಮನಿಸಿದ್ದರು. “ಮಂಗ್ಳಾರ ಏನವ್ವ ಇಸೇಸ?” ಎಂದರೆ, “ಮೀಟಿಂಗ್ ಐತ್ರಿ,” ಎನ್ನುತ್ತಿದ್ದಳು. ಗಮನಿಸಬೇಕಾದವನು ಮಾತ್ರ ಗೋಡೆ ನೋಡುತ್ತ ಕೂರುತ್ತಿದ್ದ. ಅವನ ಬೆನ್ನು ಅವಳಿಗೆ ಬಾಯಿಪಾಠವಾಗಿತ್ತು. ಎಡ ಕಿವಿಯ ಹಿಂದಿನ ಮಚ್ಚೆ, ಕಾಲರಿನ ಸವೆದ ಅಂಚು... ಅವನು ತಿರುಗುವಷ್ಟರಲ್ಲಿ ಹತ್ತು ನಿಮಿಷ ಮುಗಿದಿರುತ್ತಿತ್ತು.

ಆಗಸ್ಟಿನಲ್ಲಿ ಅವಳಿಗೆ ಜ್ವರ ಬಂತು. ಎರಡು ದಿನ ಮೈಮೇಲೆ ಎಚ್ಚರವಿರಲಿಲ್ಲ. ಕಣ್ಣು ಬಿಟ್ಟು ಫೋನು ಚಾರ್ಜಿಗೆ ಹಾಕಿದರೆ ಶ್ರೀಧರನ ಒಂಬತ್ತು ಕರೆಗಳು. ಅಂದು ಬುಧವಾರ. ಹನ್ನೊಂದು ದಿನ ಓಡಿದ್ದ ಜಾಬ್, ಇನ್ನೊಂದೇ ದಿನ ಉಳಿದಿದ್ದಾಗ, ಟಿಕೆಟ್ ಮುಗಿದು ಸತ್ತಿತ್ತು.

ಮರುದಿನ ಮ್ಯಾನೇಜರ್ ಯಮುನಾ ಇಬ್ಬರನ್ನೂ ಕರೆದರು.

“ಎಲ್ಲರ ಹತ್ರ ಕೀ ಫೈಲ್ ಇದೆ. ನಿನ್ನ ಹತ್ರ ಯಾಕಿಲ್ಲ, ಮಹಾದೇವಿ?”

“ಅಂಥಾದ್ದೊಂದು ಐತಿ ಅಂತ... ಗೊತ್ತಿರ್ಲಿಲ್ಲ ಮೇಡಂ.”

“ಶ್ರೀಧರ್, ನೀವು ಹೇಳ್ಲಿಲ್ವಾ?”

ಶ್ರೀಧರ್ ಅವಳತ್ತ ಒಮ್ಮೆ ನೋಡಿದ. “ಹೇಳಬೇಕಿತ್ತು. ತಪ್ಪು ನನ್ನದೇ.”

ಯಮುನಾ ಆ ತಪ್ಪನ್ನು ಅವನ ಹೆಸರಿನಲ್ಲೇ ಬರೆದುಕೊಂಡರು. ಸಂಜೆಯೊಳಗೆ ಮಹಾದೇವಿಯ ಕೀ ಫೈಲ್ ತಯಾರಾಗಿತ್ತು.

“ಇನ್ಮೇಲೆ ನೀವು ಬರೋದು ಬೇಡ,” ಎಂದ ಶ್ರೀಧರ್, ಸ್ಕ್ರೀನಿನಿಂದ ಕಣ್ಣೆತ್ತದೆ.

‘ನನ್ನ ಸುಳ್ಳಿಗೆ ಬೈಸಿಕೊಂಡ. ಮುಖ ನೋಡೋಕೂ ಮನಸ್ಸಿಲ್ಲ ಈಗ...’

ಜಾಬ್ ಈಗ ನಿರಾಯಾಸವಾಗಿ ಓಡಿತು, ಮುಗಿಯಿತು, ಮತ್ತೆ ಓಡಿತು. ಮೂರು ಮಂಗಳವಾರ ಹಾಗೇ ಕಳೆದವು. ಹನ್ನೊಂದು ಗಂಟೆ ಆಗುತ್ತಿದ್ದಂತೆ ಅವಳ ಕಾಲು ತಾನಾಗಿ ಲಿಫ್ಟಿನವರೆಗೆ ನಡೆಯುತ್ತಿತ್ತು. ಅಲ್ಲಿಂದ ಕ್ಯಾಂಟೀನಿಗೆ ಹೋಗಿ, ಬೇಡದ ಚಹಾ ಕುಡಿದು ಬರುತ್ತಿದ್ದಳು.

ನಾಲ್ಕನೆಯ ಮಂಗಳವಾರ ಯಮುನಾರ ಮುಂದೆ ನಿಂತಳು. ಹಸಿರು ಚೂಡಿದಾರವೇ ಹಾಕಿದ್ದಳು.

“ಮೇಡಂ, ಅವತ್ತು ನಾ ಸುಳ್ಳು ಹೇಳಿದೆ. ಕೀ ಫೈಲ್ ವಿಷ್ಯಾ ಮಾರ್ಚಿನಿಂದ ಗೊತ್ತಿತ್ತು. ಅರ್ಜಿ ಹಾಕಿ ನಾನ ರದ್ದು ಮಾಡೇನಿ. ಶ್ರೀಧರ್ ಅವ್ರ ಹೆಸರು ತೆಗದು ನನ್ನ ಹೆಸರು ಬರೀರಿ.”

ಯಮುನಾ ಕನ್ನಡಕ ತೆಗೆದು ಅವಳನ್ನೇ ನೋಡಿದರು. “ರದ್ದು ಯಾಕೆ ಮಾಡಿದೆ?”

ಮಹಾದೇವಿ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

“ಸರಿ, ಬರ್ಕೋತೀನಿ. ಕಾರಣ ಹೇಳಬೇಕಾದವರಿಗೆ ಹೋಗಿ ಹೇಳು.”

ಗಾಜಿನ ಬಾಗಿಲು ತಳ್ಳಿದಾಗ ಶ್ರೀಧರ್ ತಟ್ಟನೆ ಎದ್ದ. ಅವಳು ಕೂರುತ್ತಿದ್ದ ಕುರ್ಚಿ ಖಾಲಿಯೇ ಇತ್ತು, ಅದರ ಮುಂದಿನ ಕಂಪ್ಯೂಟರ್ ಆನ್ ಆಗಿತ್ತು.

“ಟಿಕೆಟ್ ಬೇಕಿತ್ರೀ,” ಎಂದಳು. “ಹೊಸಾ ಜಾಬ್.”

“ಎಷ್ಟು ದಿನದ್ದು?”

“ಎರಡು ತಾಸಿಂದು.”

“ಅದಕ್ಕೆ ಇಲ್ಲೀತನಕ ಬಂದ್ರಾ? ಕೀ ಫೈಲ್ ಇತ್ತಲ್ಲ.”

“ಕೀ ಫೈಲ್ ಮಾರ್ಚಿನ್ಯಾಗೂ ಸಿಗತಿತ್ತು. ಅವಾಗೂ ಬಂದೇನಿ. ಯಮುನಾ ಮೇಡಂಗ ಎಲ್ಲಾ ಹೇಳಿ ಬಂದೆ. ಅರ್ಜಿ ರದ್ದು ಮಾಡಿದ್ದು, ಸುಳ್ಳು ಹೇಳಿದ್ದು...”

“ಆ ಅರ್ಜಿ ನನಗೆ ಗೊತ್ತು.”

“ಏನಂದ್ರಿ?”

“ಎಲ್ಲಾ ಅರ್ಜೀನೂ ನನ್ನ ಸ್ಕ್ರೀನಿಗೇ ಬರುತ್ತೆ. ಹಾಕಿದ್ದೂ ಬಂತು, ರದ್ದು ಮಾಡಿದ್ದೂ ಬಂತು. ಯಾಕೆ ಅಂತ ಕೇಳೋಣ ಅಂದ್ಕೊಂಡೆ. ಕೇಳಿದ್ರೆ ನೀವು ಬರೋದು ನಿಂತೋಗುತ್ತೇನೋ ಅಂತ ಸುಮ್ಮನಾದೆ.”

“ಮತ್ತ ನೀವ ಬರಬ್ಯಾಡ ಅಂದ್ರಿ?”

“ನನ್ನ ಹತ್ತು ನಿಮಿಷದ ಆಸೆಗೆ ನಿಮ್ಮ ಹನ್ನೊಂದು ದಿನದ ಕೆಲಸ ಹೋಯ್ತು, ಮಹಾದೇವಿ. ಒಂಬತ್ತು ಸಲ ಫೋನ್ ಮಾಡಿದೆ. ಪಾಸ್‌ವರ್ಡ್ ನಿಮ್ಮದು, ನಾನೇನೂ ಮಾಡೋ ಹಾಗಿರಲಿಲ್ಲ. ಅವತ್ತಿಂದ ಮುಖ ಎತ್ತೋಕಾಗ್ಲಿಲ್ಲ ನನಗೆ.”

ಮೊದಲ ಸಲ ಅವನು ಅವಳನ್ನು ಹೆಸರು ಹಿಡಿದು ಕರೆದಿದ್ದ.

ಅವಳು ಕಣ್ಣೊರೆಸಿಕೊಂಡು ಕೂತಳು. ಕೀಬೋರ್ಡಿನ ಮೇಲೆ ಬೆರಳಿಟ್ಟಳು. ಅಭ್ಯಾಸಬಲದಿಂದ ಅವನು ಕುರ್ಚಿಯನ್ನು ಗೋಡೆಯತ್ತ ತಿರುಗಿಸತೊಡಗಿದ.

“ತಿರುಗಬ್ಯಾಡ್ರಿ.”

“ನಿಯಮ ಇದೆ.”

“ಕೀಬೋರ್ಡ್ ನೋಡಬಾರ್ದು ಅಂತ ಐತಿ. ನನ್ನ ನೋಡಬಾರ್ದು ಅಂತ ಇಲ್ಲ.”

ಅವನು ನೋಡಿದ.

ಪಾಸ್‌ವರ್ಡ್ ಎರಡು ಸಲ ತಪ್ಪಿತು.

“ಆಯ್ತಾ?” ಎಂದ ಮೆಲ್ಲಗೆ, ಅವಳ ಮುಖದಿಂದ ಕಣ್ಣು ತೆಗೆಯದೆ.

“ಇನ್ನೂ ಇಲ್ರೀ...”