ಹೂವಿ ಕಟ್ಟಿದ ಕೋಳಿಗೂಡು

ಬಲು ಹಿಂದೆ, ಬೆಟ್ಟಗಳು ಇನ್ನೂ ಎದ್ದು ಓಡಾಡುತ್ತಿದ್ದ ಕಾಲದಲ್ಲಿ, ಕೆಂಬರಳುನಾಡು ಎಂಬ ಒಂದು ರಾಜ್ಯವಿತ್ತು. ಅಲ್ಲಿ ರಾಜನ ಮಾತನ್ನು ಊರೂರಿಗೆ ಸಾರುವ ಕೆಲಸ ಬೀರನದು. ಬೀರ ತಮಟೆಯನ್ನು ಬೆಂಕಿಗೆ ಹಿಡಿದು ಚರ್ಮ ಕಾಯಿಸಿ, ಮೂರು ಪೆಟ್ಟು ಬಡಿದು, ಆಮೇಲೆ ಬಾಯಿ ತೆರೆದರೆ ಹೊಳೆಯಾಚೆಯ ಎಮ್ಮೆಗಳೂ ಮೇಯುವುದನ್ನು ಬಿಟ್ಟು ತಲೆಯೆತ್ತುತ್ತಿದ್ದವು. ಆ ಮೂರು ಪೆಟ್ಟು ಬೀಳದೆ ಅವನ ಗಂಟಲು ಎಂದೂ ತೆರೆದದ್ದಿಲ್ಲ. ಅವನ ಹೆಂಡತಿ ಹೂವಿ, ತಾಯಿ ಸಾಕವ್ವ. ಸಾಕವ್ವನ ಬಾಯಿ ಮಗನ ತಮಟೆಗಿಂತ ಜೋರು ಎಂದು ಊರವರು ಹೇಳುತ್ತಿದ್ದರು, ಅವಳಿಗೆ ಕೇಳಿಸದ ಹಾಗೆ.

ಹೀಗಿರುವಾಗ ಬೂದಿಗಣ್ಣ ಎಂಬ ಮಾಂತ್ರಿಕ ಆ ನಾಡಿಗೆ ಬಂದ. ಅವನ ಕಣ್ಣಿಗೆ ಆರಿದ ಒಲೆಯ ಬೂದಿಯ ಬಣ್ಣ. ಅರಮನೆಗೆ ನುಗ್ಗಿದವನೇ ರಾಜ, ಮಂತ್ರಿ, ಸೇನಾಪತಿ ಎಲ್ಲರನ್ನೂ ಕೋಳಿಗಳನ್ನಾಗಿ ಮಾಡಿ ಸಿಂಹಾಸನದ ಮೇಲೆ ಕುಳಿತ. ಮರುದಿನ ಬೆಳಗ್ಗೆ ಬೀರನ ಮನೆಗೆ ಬಂದು, ಇನ್ನು ಮೇಲೆ ನಾನೇ ರಾಜನೆಂದು ಸಾರು ಎಂದ. ಬೀರ ತಮಟೆಯನ್ನು ಗೋಡೆಗೆ ತೂಗುಹಾಕಿದ. ಸುಳ್ಳು ಸಾರುವುದಕ್ಕೆ ಈ ಚರ್ಮ ಕಾಯುವುದಿಲ್ಲ ಎಂದ. ಹೂವಿ ನೀರಿನ ಕೊಡ ಹೊತ್ತು ಬಾಗಿಲಿಗೆ ಬರುವಷ್ಟರಲ್ಲಿ ಗಂಡ ನಿಂತಿದ್ದ ಜಾಗದಲ್ಲಿ ಕೆಂಪು ಹುಂಜ, ಅತ್ತೆ ನಿಂತಿದ್ದ ಜಾಗದಲ್ಲಿ ಕರಿ ಹೇಟೆ. ಕೊಡ ಕೈಜಾರಿ ಬಿತ್ತು.

ಬಿಡುಗಡೆಯ ದಾರಿಯನ್ನು ಬಾಯಿಬಿಟ್ಟು ಹೇಳದಿದ್ದರೆ ಮಂತ್ರ ನಿಲ್ಲುವುದಿಲ್ಲ. ಮಾಯೆಯವರಿಗೂ ಕಟ್ಟಳೆಗಳಿವೆ. ಆದ್ದರಿಂದ ಬೂದಿಗಣ್ಣ ನಗುನಗುತ್ತಲೇ ಹೇಳಿದ:

“ನಿನ್ನ ಕೈಯಾರೆ ಹಿತ್ತಲಲ್ಲಿ ಒಂದು ಗೂಡು ಕಟ್ಟು. ನಿನ್ನ ಕೈ ಕಟ್ಟಿದ್ದನ್ನು ನನ್ನ ಮಾಯೆ ಮುರಿಯಲಾರದು. ನಿನ್ನ ಮನೆಯವರು ಹಾಕಿದ ಅಗುಳಿಯನ್ನು ನಾನು ತೆಗೆಯಲಾರೆ. ದಿನಾ ದೀಪದ ಹೊತ್ತಿಗೆ ಬರುತ್ತೇನೆ. ಮೂರು ಬೆಳಗು, ಸೂರ್ಯ ಕಾಣುವ ಮೊದಲು, ನಿನ್ನ ಗಂಡ ಕೂಗಿದರೆ ನನ್ನ ಮಾಯೆಯೆಲ್ಲ ಹರಿದು ನನ್ನ ಮೇಲೇ ಬೀಳಲಿ. ಒಂದು ಬೆಳಗು ತಪ್ಪಿದರೂ ಅವನು ನನ್ನ ಊಟ.”

ಅವನು ಧೈರ್ಯವಾಗಿ ಹೇಳಿದ್ದಕ್ಕೆ ಕಾರಣವಿತ್ತು. ಹೂವಿ ಹುಟ್ಟಿದಾಗಿನಿಂದ ಒಂದು ಗೂಟವನ್ನೂ ನೆಟ್ಟವಳಲ್ಲ. ಅಕ್ಕಪಕ್ಕದವರು ಮಚ್ಚು, ಹಾರೆ ಹಿಡಿದು ಓಡಿಬಂದರು, ಆದರೆ ಮಾತಿನ ಪ್ರಕಾರ ಬೇರೆಯವರು ಕೈ ಹಾಕುವಂತಿರಲಿಲ್ಲ. ಹೂವಿ ಹುಂಜವನ್ನು ಎದೆಗವಚಿಕೊಂಡು ಅಂಗಳದಲ್ಲೇ ಕುಸಿದಳು.

“ಅಳ್ತಾ ಕೂತ್ರೆ ಗೂಡು ತಾನಾಗೇ ಎದ್ದು ನಿಲ್ತದಾ? ಏಳು, ಬಿದಿರು ಕಡಿ ಹೋಗು,” ಎಂದಿತು ಕರಿ ಹೇಟೆ.

ಬೂದಿಗಣ್ಣನ ಮಂತ್ರ ಸಾಕವ್ವನ ಮೈಯನ್ನೆಲ್ಲ ಬದಲಿಸಿತ್ತು, ನಾಲಿಗೆಯ ಹತ್ತಿರ ಮಾತ್ರ ಸೋತಿತ್ತು.

ಹೂವಿ ಬಿದಿರು ಕಡಿದಳು, ಸೀಳಿದಳು. ಮೊದಲು ನೆಟ್ಟ ಕಂಬಗಳು ಮಧ್ಯಾಹ್ನಕ್ಕೆ ಮುಂಚೆಯೇ ವಾಲಿ ಬಿದ್ದವು. ಗುಂಡಿ ಆಳ ಸಾಲದು ಎಂದು ಸಾಕವ್ವ ಬೈದಳು. ಹೂವಿ ಆಳವಾಗಿ ತೋಡಿ, ಬುಡದ ಸುತ್ತ ಕಲ್ಲು ಗಿಡಿದು, ಮತ್ತೆ ನೆಟ್ಟಳು. ನೆಲಕ್ಕೆ ಚಪ್ಪಡಿ ಹಾಸದೆ ಗೋಡೆ ಎತ್ತಬೇಡ ಎಂದಳು ಅತ್ತೆ. ಬೆನ್ನು ಮುರಿಯುವಂತೆ ಕಲ್ಲು ಹೊತ್ತು ಹಾಸಿದ್ದಾಯಿತು. ಕೂರುವುದಕ್ಕೆ ಅಡ್ಡಗೋಲು, ಹಿಂದುಗಡೆ ಮೊಟ್ಟೆ ತೆಗೆಯಲು ಕಿಂಡಿ, ಮುಂದುಗಡೆ ಮೂಡಲಿಗೆ ಮುಖಮಾಡಿದ ಬಾಗಿಲು. ಬಾಗಿಲಿನ ಅಗುಳಿ ಹೊರಗಿಂದಷ್ಟೇ ಅಲ್ಲ, ಒಳಗಿಂದಲೂ ತನ್ನ ಕೊಕ್ಕಿಗೆ ಎಟುಕಬೇಕೆಂದು ಸಾಕವ್ವ ಹಟ ಹಿಡಿದಳು. ಬೆಂಕಿ ಬಿದ್ದರೆ ಒಳಗೇ ಬೇಯಬೇಕೇ ಎಂಬುದು ಅವಳ ವಾದ. ಅಗುಳಿ ನಿಮ್ಮ ಕೈಗೆ ಯಾಕೆ ಅತ್ತೆ ಎನ್ನಲು ಹೂವಿಗೆ ಬಾಯಿ ಬರಲಿಲ್ಲ. ಹಿರಿಯರ ಮಾತು ಎಂದು ಹಾಗೇ ಮಾಡಿದಳು. ಸೊಸೆಯ ಕೆಲಸದಲ್ಲಿ ಹುಳುಕು ಹುಡುಕುವ ಸುಖ ಸಾಕವ್ವನಿಗೆ ಕೋಳಿಯಾದ ಮೇಲೂ ತಪ್ಪಲಿಲ್ಲ.

ಆ ನಾಡಿನಲ್ಲಿ ಒಂದು ರೂಢಿಯಿತ್ತು. ದೀಪ ಹಚ್ಚುವ ಹೊತ್ತಿಗೆ ಮುಂಬಾಗಿಲು ತೆರೆದಿರಬೇಕು, ಹಿಂಬಾಗಿಲು ಮುಚ್ಚಿರಬೇಕು. ಲಕ್ಷ್ಮಿ ಮುಂದಿನಿಂದ ಬರುತ್ತಾಳೆ, ಹಿಂದಿನಿಂದ ಹೋಗಬಾರದು. ಸಾಕವ್ವ ಈ ರೂಢಿಯನ್ನು ಒಂದು ಸಂಜೆಯೂ ತಪ್ಪಿಸಿದವಳಲ್ಲ. ಸೂರ್ಯ ಇಳಿಯುತ್ತಿದ್ದಂತೆ ಹೂವಿ ಇಬ್ಬರನ್ನೂ ಗೂಡಿನೊಳಗೆ ಬಿಟ್ಟು ಅಗುಳಿ ಹಾಕಿದಾಗ, ದೀಪದ ಹೊತ್ತಲ್ಲಿ ಮನೆ ಬಾಗಿಲು ಮುಚ್ಚುವ ಕಾಲ ಬಂತಲ್ಲ ಎಂದು ಗೊಣಗಿದಳು.

ಮನೆಯಲ್ಲಿ ದೀಪ ಹತ್ತಿತು. ಹಿತ್ತಲ ಬೇಲಿ ಹಾರಿ ನರಿಯೊಂದು ಬಂತು. ಅದರ ಕಣ್ಣು ಬೂದಿಯ ಬಣ್ಣ. ಹೂವಿ ಒನಕೆ ಬೀಸಿದಳು, ಒನಕೆ ಗಾಳಿಯನ್ನು ಸೀಳಿದಂತೆ ನರಿಯನ್ನು ಹಾದುಹೋಯಿತು. ನರಿ ಗೂಡಿನ ಬುಡದಲ್ಲಿ ಕೆರೆಯತೊಡಗಿತು. ಮಣ್ಣು ರಾಶಿಯಾಗಿ ಹಾರಿತು. ಒಳಗೆ ಹುಂಜದ ಉಗುರು ಅಡ್ಡಗೋಲನ್ನು ಕಚ್ಚಿ ಹಿಡಿದ ಸದ್ದು ಅವಳಿಗೆ ಕೇಳಿಸುತ್ತಿತ್ತು. ನರಿಯ ಉಗುರು ಚಪ್ಪಡಿಗೆ ತಾಗಿ ಕಿರ್ರೆಂದಿತು. ಇನ್ನೊಂದು ಬದಿ ಕೆರೆಯಿತು, ಅಲ್ಲೂ ಚಪ್ಪಡಿ. ಬೆಳಗಿನ ತನಕ ಕೆರೆದು, ಉಗುರೆಲ್ಲ ರಕ್ತವಾಗಿ, ಮಾಯವಾಯಿತು. ಹುಂಜ ಪಟ್ ಪಟ್ ಪಟ್ ಎಂದು ಮೂರು ಸಲ ರೆಕ್ಕೆ ಬಡಿದು ಕೂಗಿತು. ಆ ಮೂರು ಬಡಿತ ಕೇಳಿ ಹೂವಿಗೆ ಅಳು ಬಂತು. ಅದು ಬೀರನ ತಮಟೆಯ ಪೆಟ್ಟೇ ಆಗಿತ್ತು.

ಎರಡನೆಯ ಸಂಜೆ ಬೂದಿಗಣ್ಣಿನ ಹಾವು ಬಂತು. ಅದು ಅವಸರ ಮಾಡಲಿಲ್ಲ. ಗೋಡೆಯ ಒಂದೊಂದೇ ಗಂಟನ್ನು ನಾಲಿಗೆಯಿಂದ ಮುಟ್ಟಿ ನೋಡುತ್ತಾ ಹೋಯಿತು. ಸೋತ ಬೆರಳುಗಳಿಂದ ಹೂವಿ ಕೊನೆಗೆ ಬಿಗಿದಿದ್ದ ಒಂದು ಗಂಟು ಸಡಿಲಾಗಿತ್ತು. ಕಟ್ಟಿದ್ದನ್ನು ಮಾಯೆ ಮುರಿಯಲಾರದು ನಿಜ, ಕಟ್ಟದೆ ಬಿಟ್ಟ ಸಂದಿಯಲ್ಲಿ ತೂರಲು ಅದಕ್ಕೇನು ಅಡ್ಡಿ? ಹಾವು ಅತ್ತ ತಲೆ ತಿರುಗಿಸುವುದಕ್ಕೂ ಹೂವಿ ತನ್ನ ಮುಷ್ಟಿಯನ್ನು ಸಂದಿಯೊಳಗೆ ತುರುಕುವುದಕ್ಕೂ ಸರಿಹೋಯಿತು. ಹಾವು ಅವಳ ತೋಳನ್ನು ಸುತ್ತಿ ಹಿಂಡಿತು. ಅವಳು ಹಲ್ಲುಕಚ್ಚಿ ಕುಳಿತಳು. ಒಳಗಿನಿಂದ ಹುಂಜ ಬಂದು ಅವಳ ಬೆರಳುಗಳ ಮೇಲೆ ತನ್ನ ಬೆಚ್ಚನೆಯ ಎದೆ ಒತ್ತಿ ನಿಂತಿತು. ಬೆಳಕು ಹರಿಯುವಾಗ ಮೂರು ಸಲ ರೆಕ್ಕೆ ಬಡಿದು ಕೂಗಿತು. ಹಾವು ಹೋಯಿತು. ಹೂವಿಯ ತೋಳು ನೇರಳೆ ಹಣ್ಣಿನಂತೆ ಕಪ್ಪಿಟ್ಟಿತ್ತು.

ಅಂದು ಹಗಲೆಲ್ಲ ಅವಳು ಒಂದೊಂದೇ ಗಂಟನ್ನು ಬಿಚ್ಚಿ ಮತ್ತೆ ಬಿಗಿದಳು. ಇನ್ನು ಇರುವೆಗೂ ದಾರಿಯಿಲ್ಲ ಎಂದುಕೊಂಡು, ಸಂಜೆ ಅಗುಳಿ ಹಾಕಿ, ಮನೆಯ ಮುಂಬಾಗಿಲು ತೆರೆದು, ದೀಪ ಹಚ್ಚಿ ದೇವರ ಮುಂದೆ ಕಣ್ಣು ಮುಚ್ಚಿದಳು. ಅವಳು ಕಣ್ಣು ಮುಚ್ಚಿದ್ದಾಗಲೇ ಕೆನ್ನೆಗೆ ಅರಿಸಿನ ಹಚ್ಚಿ, ಸೆರಗನ್ನು ಹಣೆಯ ಕೆಳಗಿನ ತನಕ ಎಳೆದುಕೊಂಡ ಮುತ್ತೈದೆಯೊಬ್ಬಳು ಆ ಬಾಗಿಲಿಂದ ಬಂದು, ಬರೀ ಒರಗಿಸಿಟ್ಟಿದ್ದ ಹಿಂಬಾಗಿಲನ್ನು ದೂಡಿ ನೇರ ಹಿತ್ತಲಿಗೆ ನಡೆದಳು.

“ಎಷ್ಟು ಚೆಂದದ ಮನೆ ಸಾಕವ್ವ, ಮೂಡಲಿಗೆ ಬಾಗಿಲು,” ಎಂದಳು ಗೂಡಿನ ಮುಂದೆ ನಿಂತು. “ದೀಪದ ಹೊತ್ತಲ್ಲಿ ಮುಚ್ಕೊಂಡಿದ್ದೀಯಲ್ಲ ತಾಯಿ. ಲಕ್ಷ್ಮಿ ಬಾಗಿಲ ತನಕ ಬಂದು ಹಿಂದಕ್ಕೆ ಹೋದ್ರೆ ನಿನ್ನ ಮಗನಿಗೆ ಆಯಸ್ಸು ಕೊಡೋರು ಯಾರು?”

ಬೇರೆ ಏನು ಹೇಳಿದ್ದರೂ ಸಾಕವ್ವ ನಾಲ್ಕು ಬೈದು ಕಳಿಸುತ್ತಿದ್ದಳು. ಮಗನ ಆಯಸ್ಸು ಎಂದೊಡನೆ ಅವಳ ಬುದ್ಧಿ ಮಂಕಾಯಿತು. ಮಾತು ಕೇಳಿ ಹೂವಿ ಹಿತ್ತಲಿಗೆ ಓಡಿಬರುವಷ್ಟರಲ್ಲಿ ಕರಿ ಹೇಟೆ ಕೊಕ್ಕಿನಿಂದ ಅಗುಳಿಯನ್ನು ಸರಿಸಿಬಿಟ್ಟಿತ್ತು.

ಸೆರಗು ಬಿತ್ತು. ಬೂದಿಗಣ್ಣಿನ ಕಾಡುಬೆಕ್ಕು ಒಂದೇ ನೆಗೆತಕ್ಕೆ ಗೂಡಿನೊಳಗಿತ್ತು. ರೆಕ್ಕೆ ಬಡಿತ, ಚೀರಾಟ, ಹಾರುವ ಪುಕ್ಕ. ಮುಂದಿನಿಂದ ಹೋದರೆ ಬೆಕ್ಕನ್ನು ದಾಟಿ ಗಂಡನನ್ನು ಮುಟ್ಟುವುದು ಆಗದ ಮಾತು. ಹೂವಿ ಗೂಡಿನ ಹಿಂದಕ್ಕೆ ಓಡಿದಳು. ದೀಪದ ಹೊತ್ತಿನಲ್ಲಿ ಹಿಂಬಾಗಿಲು ಮುಟ್ಟಬಾರದೆಂದು ಮದುವೆಯಾಗಿ ಬಂದ ದಿನವೇ ಅತ್ತೆ ಹೇಳಿಕೊಟ್ಟಿದ್ದಳು. ಹೂವಿ ಕಿಂಡಿಯನ್ನು ತೆರೆದಳು. ಒಳಗೆ ಕೈ ಚಾಚಿದಳು. ಪುಕ್ಕ ಸಿಕ್ಕಿತು, ಕಾಲು ಸಿಕ್ಕಿತು, ಎಳೆದುಕೊಂಡಳು. ಕಿಂಡಿ ಮುಚ್ಚಿ ಬಿಗಿದಳು.

“ಅತ್ತೆ, ಮುಂಬಾಗಿಲು!”

ಬೆಕ್ಕಿನ ಕಾಲಸಂದಿಯಲ್ಲಿ ನುಸುಳಿ ಸಾಕವ್ವ ಹೊರಗೆ ಬಿದ್ದಿದ್ದಳು. ಮನೆಯಲ್ಲಿ ದೀಪ ಉರಿಯುತ್ತಿತ್ತು, ಎದುರಿಗೆ ಗೂಡಿನ ಮೂಡಲ ಬಾಗಿಲು ತೆರೆದಿತ್ತು. ಬದುಕಿಡೀ ಈ ಹೊತ್ತಲ್ಲಿ ಮುಂಬಾಗಿಲು ತೆರೆದಿಟ್ಟ ಸಾಕವ್ವ ಅದನ್ನು ಎದೆಯಿಂದ ನೂಕಿದಳು, ಕೊಕ್ಕಿನಿಂದ ಅಗುಳಿ ಎಳೆದಳು. ಬೆಕ್ಕು ಒಳಗಿನಿಂದ ಬಾಗಿಲಿಗೆ ಅಪ್ಪಳಿಸಿತು. ಬಾಗಿಲು ಅಲುಗಲಿಲ್ಲ. ಮನೆಯವರು ಹಾಕಿದ ಅಗುಳಿಯನ್ನು ತೆಗೆಯಲಾರೆ ಎಂದು ಅವನೇ ಹೇಳಿದ್ದನಲ್ಲ.

ಆದರೂ ಗೆದ್ದಂತಾಗಲಿಲ್ಲ. ಹುಂಜದ ಒಂದು ರೆಕ್ಕೆ ಮುರಿದು ಜೋತಾಡುತ್ತಿತ್ತು. ಹೂವಿ ಅದನ್ನು ಮಡಿಲಲ್ಲಿಟ್ಟುಕೊಂಡು ಬೆಳಗಿನ ತನಕ ಕಾದಳು. ಮೂಡಲು ಕೆಂಪಾಯಿತು. ಹುಂಜ ಕತ್ತು ಚಾಚಿತು, ರೆಕ್ಕೆ ಎತ್ತಲು ನೋಡಿತು, ಎತ್ತಲಾಗಲಿಲ್ಲ. ಕೊಕ್ಕು ತೆರೆಯಿತು, ಸದ್ದಿಲ್ಲ. ಗೂಡಿನೊಳಗೆ ಬೂದಿಗಣ್ಣ ನಗತೊಡಗಿದ.

“ತಪ್ಪಾಯ್ತು ಕಣೇ ಹೂವಿ. ಕಾಯ್ಬೇಕಾದೋಳೇ ಬಾಗಿಲು ತೆಗೆದ್ನಲ್ಲೇ,” ಎಂದಳು ಸಾಕವ್ವ. ಸೊಸೆಗೆ ಅವಳು ಎಂದೂ ಹೀಗೆ ಹೇಳಿದವಳಲ್ಲ.

ಹೂವಿ ಆ ಮುರಿದ ರೆಕ್ಕೆಯನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು ಒಳಗೆ ಓಡಿ, ಗೋಡೆಯ ಮೇಲಿದ್ದ ತಮಟೆ ತಂದಳು. ಒಂದು ಹಿಡಿ ಹುಲ್ಲಿಗೆ ದೀಪದಿಂದ ಬೆಂಕಿ ಹಚ್ಚಿ ಚರ್ಮ ಕಾಯಿಸಿದಳು. ಬೆಟ್ಟದ ಅಂಚಿನಲ್ಲಿ ಇನ್ನೇನು ಸೂರ್ಯನ ನೆತ್ತಿ ಕಾಣಬೇಕು, ಅವಳು ಕಪ್ಪಿಟ್ಟ ತೋಳೆತ್ತಿ ಬಡಿದಳು. ಒಂದು. ಎರಡು. ಮೂರು.

ಹುಂಜ ಕೂಗಿತು. ಹೊಳೆಯಾಚೆಯ ಎಮ್ಮೆಗಳೆಲ್ಲ ತಲೆಯೆತ್ತಿದವು.

ಕೂಗು ಮುಗಿಯುವಾಗ ಅವಳ ಪಕ್ಕದಲ್ಲಿ ಕೈಗೆ ಗಾಯವಾದ ಬೀರ ನಿಂತಿದ್ದ, ಗೂಡಿನ ಮುಂದೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಸಾಕವ್ವ ನಿಂತಿದ್ದಳು. ಅರಮನೆಯಲ್ಲಿ ರಾಜ ತಿಪ್ಪೆ ಕೆದಕುವುದನ್ನು ನಿಲ್ಲಿಸಿ ಕಿರೀಟ ಹುಡುಕಿದ. ಗೂಡಿನೊಳಗೆ ನಗು ನಿಂತಿತ್ತು. ಬಗ್ಗಿ ನೋಡಿದರೆ ಅಡ್ಡಗೋಲಿನ ಮೇಲೆ ಬೂದಿಗಣ್ಣಿನ ಪುಟ್ಟ ಹೇಟೆಯೊಂದು ಮುದುಡಿ ಕುಳಿತಿತ್ತು. ಕೊಲ್ಲಿಸಿಬಿಡೋಣ ಎಂದು ರಾಜ ಹೇಳಿಕಳಿಸಿದ. ಬೇಡ, ನಾಡಿನ ಅನ್ನ ತಿಂದಿದ್ದಾನೆ, ಮೊಟ್ಟೆ ಇಟ್ಟು ತೀರಿಸಲಿ ಎಂದಳು ಸಾಕವ್ವ. ಆ ಹೇಟೆ ತಪ್ಪದೆ ಮೊಟ್ಟೆ ಇಟ್ಟಿತು.

ಆಮೇಲೆ ಆ ನಾಡು ನೆಮ್ಮದಿಯಾಗಿ ಬಾಳಿತು, ಆ ಮನೆಯೂ ಬಾಳಿತು. ಬೀರ ಸಾರಲು ಹೊರಟಾಗ ತಮಟೆಯ ಮೂರು ಪೆಟ್ಟು ಬಡಿಯುವವಳು ಹೂವಿ. ಈಗಲೂ ದೀಪದ ಹೊತ್ತಿಗೆ ಸಾಕವ್ವ ಮನೆಯ ಮುಂಬಾಗಿಲನ್ನು ಅಗಲವಾಗಿ ತೆರೆದಿಡುತ್ತಾಳೆ. ಆಮೇಲೆ ಹಿತ್ತಲಿಗೆ ಹೋಗಿ ಗೂಡಿನ ಅಗುಳಿಯನ್ನು ತಾನೇ ಹಾಕುತ್ತಾಳೆ. ಹಾಕಿ, ಒಳಗೆ ಬಂದು, “ಒಂದ್ಸಲ ನೀನೂ ನೋಡ್ಕೊಂಡು ಬಾ ಹೂವಿ,” ಎನ್ನುತ್ತಾಳೆ.