ಕಾಕಿ ಗಿಡಕ್ಕೆ ಎಂಟು ವರ್ಷ

ಹಾಸಿಗೆಯನ್ನು ವರಾಂಡದ ಕಂಬಿಯ ಮೇಲೆ ಹರಡಿ ಚಿಗುಸಾ ಬಿದಿರು ಕೋಲಿನಿಂದ ಬಡಿಯುತ್ತಿದ್ದಳು. ನಾಲ್ಕನೇ ಏಟಿಗೆ ಕೈ ನಿಂತಿತು. ಗೇಟಿನಾಚೆ ತೊಕುನಾಗಾ ನಿಂತಿದ್ದ. ಕೈಯಲ್ಲಿ ಒಂದು ಸಸಿ. ಬೇರಿಗೆ ಹಳೇ ಚಾಪೆಯ ಹುಲ್ಲು ಸುತ್ತಿತ್ತು.

ಊರಿನ ಮನೆಗಳಿಗೆಲ್ಲ ನೆಲದ ಚಾಪೆ ಹೊಲಿಯುವವನು ಅವನು. ಕಳೆದ ವಾರ ಇವಳ ಮನೆಯ ಕೆಲಸ ಮುಗಿಸಿ, ಸೂಜಿ ಒರೆಸುತ್ತಾ, “ನಾವಿಬ್ರೂ ಮದುವೆಯಾದ್ರೆ ಹೇಗೆ?” ಎಂದಿದ್ದ, ಇನ್ನೊಂದು ಲೋಟ ಚಹಾ ಕೇಳುವಷ್ಟು ಮೆಲ್ಲಗೆ. ಗುರುವಾರ ಆಸ್ಪತ್ರೆಗೆ ಹೋಗಿ ಬಂದು ಹೇಳ್ತೀನಿ ಎಂದಿದ್ದಳು ಇವಳು.

ಒಂಬತ್ತು ವರ್ಷಗಳಿಂದ ಅವಳ ಪಿತ್ತನಾಳಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು. ವಯಸ್ಸು, ರಕ್ತದಲ್ಲಿನ ಹಳದಿ, ಕಾಲಿನ ಬಾವು ಎಲ್ಲ ಕೂಡಿಸಿ ಗುರುವಾರ ಡಾಕ್ಟರು ಒಂದು ಹಾಳೆ ಕೊಟ್ಟಿದ್ದರು. ಇಂಥ ನೂರು ಜನರಲ್ಲಿ ಏಳು ವರ್ಷದ ನಂತರ ಅರವತ್ತೆರಡು ಜನ ಬದುಕಿರುತ್ತಾರೆ ಎಂದು ಅದರಲ್ಲಿತ್ತು. ಅದರಾಚೆಗೆ ಹಾಳೆ ಏನೂ ಹೇಳುತ್ತಿರಲಿಲ್ಲ. ಅದನ್ನವಳು ಅಕ್ಕಿ ಡಬ್ಬದ ತಳಕ್ಕೆ ತುರುಕಿದ್ದಳು. ಎರಡು ದಿನದಿಂದ ಮಗಳು ಸುಜು ಯಾಕೋ ಮಾತೇ ಆಡುತ್ತಿರಲಿಲ್ಲ.

“ಏನದು?”

“ಕಾಕಿ ಹಣ್ಣಿನ ಗಿಡ. ಬೀಜ ಹಾಕಿ ನಾನೇ ಬೆಳೆಸಿದ್ದು.”

“ಪೀಚ್‌ಗೆ ಹಣ್ಣು ಬಿಡೋಕೆ ಮೂರು ವರ್ಷ, ಕಾಕಿಗೆ ಎಂಟು ಅಂತ ಗಾದೆಯೇ ಇದೆ. ನಿಮ್ಮಜ್ಜಿ ಹೇಳಿಕೊಡ್ಲಿಲ್ವಾ?”

“ಹೇಳಿದ್ರು. ಕಸಿ ಗಿಡ ಆದ್ರೆ ನಾಲ್ಕೇ ವರ್ಷವಂತೆ.”

“ಮತ್ತೆ ಅದನ್ನೇ ತರೋದಲ್ವಾ?”

“ನನಗೇನು ಅವಸರ?”

ಅವನ ನೋಟ ತನ್ನ ತೋಳಿನಲ್ಲಿ ಕಾಯಿಲೆಯ ತುರಿಕೆಗೆ ಕೆರೆದ ಗೀರುಗಳ ಮೇಲೆ ಹಾದುಹೋದದ್ದು ಅವಳಿಗೆ ತಿಳಿಯಿತು. ಅಂಗಿಯ ತೋಳು ಕೆಳಗೆಳೆದುಕೊಂಡಳು. ಹಾಳೆಯ ಮಾತನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ತೊಕುನಾಗಾ ಕಿವಿ ತುರಿಸಿಕೊಂಡ. “ನಿಮ್ಮಂಥೋರು ನೂರು ಜನ ಆ ಡಾಕ್ಟರಿಗೆ ಎಲ್ಲಿ ಸಿಕ್ಕಿದ್ರು? ಒಬ್ಬರು ಸಿಗೋಕೆ ನನಗೆ ನಲವತ್ತೈದು ವರ್ಷ ಹಿಡೀತು.”

“ತಮಾಷೆ ಬೇಡಿ, ತೊಕುನಾಗಾ ಅವರೇ. ನನಗೆ ಹೆದರಿಕೆಯಾಗುತ್ತೆ.”

“ನನಗಾಗಲ್ವಾ? ಬೀದಿ ತುದಿಯಿಂದ ಮೂರು ಸಲ ವಾಪಸ್ ಹೋದೆ. ಈ ಗಿಡಕ್ಕೇ ತಲೆ ಸುತ್ತಿರಬೇಕು.”

ಅವನ ಬೆರಳು ಬೇರಿಗೆ ಸುತ್ತಿದ ಹುಲ್ಲನ್ನು ಬಿಗಿ ಮಾಡುತ್ತಿತ್ತು. ದಪ್ಪ ಚಾಪೆಗೆ ಸೂಜಿ ತೂರಿಸಿ ಗಟ್ಟಿಯಾದ ಬೆರಳು. ಅವಳು ಅದನ್ನೇ ನೋಡಿದಳು.

“ಬಾವಿ ಪಕ್ಕದ ಮೂಲೇಲಿ ಬಿಸಿಲು ಚೆನ್ನಾಗಿ ಬೀಳುತ್ತೆ,” ಎಂದಳು.

“ಅದು... ಹೂಂ ಅಂತಾನಾ?”

“ಮೊದಲು ಗುಂಡಿ ತೋಡಿ.”

ಹಿಂದೆ ಬಾಗಿಲು ಸರಿದ ಸದ್ದಾಯಿತು. ಸುಜು ನಿಂತಿದ್ದಳು. ಕೈಯಲ್ಲಿ ಅದೇ ಹಾಳೆ, ಮಡಿಕೆಯಲ್ಲಿ ಎರಡು ಅಕ್ಕಿಕಾಳು. ಸಂಜೆ ಅಕ್ಕಿ ಅಳೆಯುವ ಕೆಲಸ ಮಗಳದೇ ಎಂಬುದು ಚಿಗುಸಾಗೆ ಆಗಷ್ಟೇ ನೆನಪಾಯಿತು.

ಮಗು ಸಸಿಯನ್ನು ನೋಡಿತು, ಹಾಳೆಯನ್ನು ನೋಡಿತು. ಮೂಕವಾಗಿದ್ದ ಎರಡು ದಿನವೂ ಬೆರಳು ಮಡಿಸಿ ಎಣಿಸಿರಬೇಕು. ಈಗಲೂ ಹಾಳೆ ಹಿಡಿದೇ ಏಳು ಬೆರಳು ಮಡಿಸಿತು, ಎಂಟನೆಯದು ನೆಟ್ಟಗೇ ಉಳಿಯಿತು.

“ಅಮ್ಮಾ, ಇದು ಹಣ್ಣು ಬಿಟ್ಟಾಗ ನೀನಿರ್ತೀಯಾ?”