ಶುಕ್ರವಾರದ ಕತ್ತರಿ

2025ರ ಫೆಬ್ರವರಿ 21, ಶುಕ್ರವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಡಲ್ಲಾಸಿನ ಹೋಟೆಲೊಂದರ ಒಂಬತ್ತನೆಯ ಮಹಡಿಯ ಕೋಣೆಯಲ್ಲಿ ಗಂಗವ್ವ ಊರಿಂದ ತಂದಿದ್ದ ಪುಟ್ಟ ಕುಕ್ಕರನ್ನು ಒರೆಸುತ್ತಾ ನಿಂತಿದ್ದಳು. ಬಾಗಿಲು ತೆರೆಯಿತು. ಮಗ ಶ್ರೀಶೈಲ್ ಬಂದ, ಅವನ ಹಿಂದೆ ಸೊಸೆ ಜೆನೀವಾ, ಕೊನೆಗೆ ಅವಳ ತಂದೆ ಎಲ್ಬರ್ಟ್. ಮೂವರ ಮುಖವೂ ಬಾಡಿತ್ತು.

"ಏನಾತೋ?"

"ಜೆನೀವಾನ ತೂಕ ಹೆಚ್ಚಾತು ಯವ್ವಾ. ನೂರಾ ಮೂವತ್ತೈದು ಪೌಂಡ್ ದಾಟಬಾರ್ದು. ಒಂದು ಪೌಂಡಿನ ಮ್ಯಾಲೆ ಚೂರು ಹೆಚ್ಚೈತಿ. ಹನ್ನೆರಡು ಗಂಟೆಕ್ಕ ಇನ್ನೊಮ್ಮೆ ತೂಗ್ತಾರ."

"ಆಗೂ ಇಳೀಲಿಲ್ಲಂದ್ರ?"

"ಬಾಕ್ಸಿಂಗ್ ಪಟ್ಟ ಹೋತು. ನಾಳೆ ಗೆದ್ರೂ ಆಕೀದಲ್ಲ."

ಗಂಗವ್ವನ ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು. ಜೆನೀವಾ ಯಾರನ್ನೂ ನೋಡದೆ ಎರಡು ಸ್ವೆಟರ್ ಏರಿಸಿಕೊಂಡು, ಹಗ್ಗ ಹಿಡಿದು, ಕೋಣೆಯ ಮೂಲೆಯಲ್ಲಿ ಜಿಗಿಯತೊಡಗಿದಳು.

ಜೆನೀವಾ ಟಾಲಿವರ್ ಹುಟ್ಟಿ ಬೆಳೆದದ್ದು ಹ್ಯೂಸ್ಟನ್ನಿನಲ್ಲಿ. ಎಲ್ಬರ್ಟ್ ಹಗಲು ಬಸ್ಸುಗಳನ್ನು ರಿಪೇರಿ ಮಾಡುತ್ತಿದ್ದ. ಸಂಜೆ ಹಳೆಯ ಟೈರ್ ಅಂಗಡಿಯೊಂದರ ಹಿಂಭಾಗದಲ್ಲಿ ಓಣಿಯ ಹುಡುಗರಿಗೆ ಬಾಕ್ಸಿಂಗ್ ಕಲಿಸುತ್ತಿದ್ದ. ಹನ್ನೆರಡು ವರ್ಷದ ಮಗಳು ಒಂದು ದಿನ ಕೈಗೆ ಪಟ್ಟಿ ಸುತ್ತಿಕೊಂಡು ಆ ಹುಡುಗರ ಸಾಲಿನಲ್ಲೇ ನಿಂತಳು. ಮುಂದೆ ಪಂದ್ಯ ನಡೆಸುವವರು ಅವಳನ್ನು ಗಂಡಸರ ಎರಡು ಪಂದ್ಯಗಳ ನಡುವೆ, ಜನ ತಿಂಡಿ ತರಲು ಎದ್ದುಹೋಗುವ ಹೊತ್ತಿನಲ್ಲಿ ಕಣಕ್ಕಿಳಿಸುತ್ತಿದ್ದರು. ಕರಿಯ ಹುಡುಗಿಯ ಮುಖವನ್ನು ಪೋಸ್ಟರಿನಲ್ಲಿ ಹಾಕಿದರೆ ಟಿಕೆಟ್ ಹೋಗುವುದಿಲ್ಲ ಎಂದು ಒಬ್ಬ ಎಲ್ಬರ್ಟನ ಎದುರೇ ಹೇಳಿದ್ದ. ಎಲ್ಬರ್ಟ್ ಆ ದಿನ ಊಟ ಮಾಡಲಿಲ್ಲ. ಮಗಳು ಮಾಡಿದಳು, ಮರುದಿನ ಪಂದ್ಯವಿತ್ತು. ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಬಿರುಕು ಬಿಟ್ಟ ಪಕ್ಕೆಲುಬಿನೊಂದಿಗೆ ಹತ್ತು ಸುತ್ತು ನಿಂತು, ಅವಳು ತನ್ನ ತೂಕದ ವಿಶ್ವ ಪಟ್ಟವನ್ನು ಗೆದ್ದಳು. ಟೆಕ್ಸಾಸಿನ ಕರಿಯ ಹೆಣ್ಣುಮಗಳೊಬ್ಬಳ ಸೊಂಟಕ್ಕೆ ಆ ಬೆಲ್ಟ್ ಏರಿದ್ದು ಅದೇ ಮೊದಲು. ಈಗ ಅವಳಿಗೆ ಮೂವತ್ತೈದು. ನಾಳೆಯದು ಕೊನೆಯ ಪಂದ್ಯ. ಸೋತರೆ ಕಣದಲ್ಲೇ ಸೋಲಬೇಕು, ತಕ್ಕಡಿಯ ಮೇಲಲ್ಲ ಎಂಬುದೊಂದೇ ಅವಳ ಆಸೆಯಾಗಿತ್ತು.

ಶ್ರೀಶೈಲ್ ಅವಳನ್ನು ಕಂಡದ್ದು ಆಸ್ಟಿನ್ನಿನ ಜಿಮ್ ಒಂದರಲ್ಲಿ. ಅದೇ ಊರಿನ ಚಿಪ್ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಅವನು ಬೆನ್ನುನೋವಿಗೆ ವ್ಯಾಯಾಮ ಹುಡುಕಿಕೊಂಡು ಹೋದವನು ಹೆಂಡತಿಯನ್ನು ಕರೆದುಕೊಂಡು ಬಂದ ಎಂದು ಗೆಳೆಯರು ನಗುತ್ತಿದ್ದರು. ಗದಗದಿಂದ ಬಂದು ಆಸ್ಟಿನ್ ಪಕ್ಕದ ರೌಂಡ್ ರಾಕಿನಲ್ಲಿ ಮಗನ ಜೊತೆಗಿದ್ದ ಗಂಗವ್ವ ಮಾತ್ರ ನಗಲಿಲ್ಲ. ಮದುವೆಯಾಗಿ ಆರು ವರ್ಷವಾದರೂ ಅವಳು ಸೊಸೆಯ ಹೆಸರು ಹಿಡಿದು ಕರೆದಿರಲಿಲ್ಲ. ಯುಗಾದಿಯ ಕಾರ್ಯಕ್ರಮದಲ್ಲಿ ಯಾರೋ ಕೇಳಿದಾಗ, "ಈಕಿ ಶ್ರೀಶೈಲನ ಫ್ರೆಂಡ್‌ರಿ" ಎಂದುಬಿಟ್ಟಿದ್ದಳು! ಜೆನೀವಾ ಪಕ್ಕದಲ್ಲೇ ನಿಂತಿದ್ದಳು. ಗಂಡನ ಮನೆಯಲ್ಲಿ ಅವಳು ಕನ್ನಡ ಆಡಲು ಕಲಿತಿದ್ದಳು; ಮಾತು ಅರ್ಥವಾಗಿತ್ತು. ಕೈಮುಗಿದು ನಕ್ಕಳು; ಮನೆಗೆ ಬರುವವರೆಗೂ ಕಾರಿನ ಕಿಟಕಿಯಾಚೆ ನೋಡುತ್ತಲೇ ಇದ್ದಳು...

ಹನ್ನೊಂದು ಗಂಟೆಯ ಹೊತ್ತಿಗೆ ಜೆನೀವಾ ಹೋಟೆಲಿನ ಬಿಸಿನೀರಿನ ತೊಟ್ಟಿಯಲ್ಲಿ ಕುಳಿತಾಗಿತ್ತು. ಹನ್ನೊಂದು ಇಪ್ಪತ್ತೈದಕ್ಕೆ ಎಲ್ಬರ್ಟ್ ತನ್ನ ಚೀಲದಿಂದ ತೂಕದ ಯಂತ್ರ ತೆಗೆದು ನೆಲಕ್ಕಿಟ್ಟ. ನೂರ ಮೂವತ್ತೈದು ಪಾಯಿಂಟ್ ಮೂರು.

"ಇನ್ನು ಬೆವರು ಬರುವುದಿಲ್ಲ. ಮೈ ಒಣಗಿದೆ. ಇದಕ್ಕಿಂತ ಹೆಚ್ಚು ಹಿಂಡಿದರೆ ನಾಳೆ ನಿಲ್ಲುವುದಕ್ಕೂ ಆಗುವುದಿಲ್ಲ," ಎಂದ ಎಲ್ಬರ್ಟ್. ನಂತರ ತಲೆಯಾಡಿಸಿದ. "ನಿನ್ನೆ ಸಂಜೆ ಸರಿಯಾಗಿತ್ತಲ್ಲ, ಮಗಳೇ? ರಾತ್ರಿ ಏನಾಯಿತು?"

"ಬಾಯಾರಿತು, ನೀರು ಕುಡಿದೆ," ಎಂದಷ್ಟೇ ಹೇಳಿದಳು ಜೆನೀವಾ.

ಇಂಗ್ಲಿಷಿನ ಆ ಮಾತನ್ನು ಶ್ರೀಶೈಲ್ ಕನ್ನಡದಲ್ಲಿ ಹೇಳಿದ ಮೇಲೆ ಗಂಗವ್ವ ಮಂಚದ ತುದಿಗೆ ಕುಳಿತಳು.

"ನಾನಪಾ... ನಾ ಮಾಡಿದ್ದು! ನಿನ್ನಿ ಗಂಜಿಗೆ ಉಪ್ಪು ಹಾಕಿದೆ."

ಶ್ರೀಶೈಲ್ ತಿರುಗಿ ನೋಡಿದ. "ಯವ್ವಾ! ಸಪ್ಪಂದ ಬೇಕು ಅಂತ ನಾಕು ಸಲ ಹೇಳಿದ್ದೆ."

"ಹೇಳಿದ್ದಿ. ಖರೇ ಐತಿ. ಅಲ್ಲೋ, ಹತ್ತು ದಿನದಿಂದ ಕಡ್ಡಿ ಆದಂಗ ಆಗ್ಯಾಳ. ಅಂಥಾಕಿಗೆ ಸಪ್ಪನ ಗಂಜಿ ಹ್ಯಾಂಗ ಬಡಿಸ್ಲಿ? ಸೊಸಿಗೆ ಉಪ್ಪಿಲ್ಲದ ಊಟ ಹಾಕೂದು ಅಂದ್ರ ನಮ್ಮ ಕಡೆ ಅದಕ್ಕಿಂತ ಕೆಟ್ಟ ಹೆಸರಿಲ್ಲ. ಒಂದ ಚಮಚ... ಪ್ರೀತೀಲೆ ಹಾಕಿದ್ದೋ!"

ಒಂದು ಚಮಚ ಉಪ್ಪು ದೇಹದಲ್ಲಿ ಸುಮಾರು ಅರ್ಧ ಲೀಟರ್ ನೀರನ್ನು ಹಿಡಿದಿಡಬಲ್ಲದು. ಅರ್ಧ ಲೀಟರ್ ನೀರೆಂದರೆ ಒಂದು ಪೌಂಡಿಗಿಂತ ತುಸು ಹೆಚ್ಚು. ಶ್ರೀಶೈಲನಿಗೆ ಈ ಲೆಕ್ಕ ಗೊತ್ತಿತ್ತು. ತಾಯಿಯ ಮುಖ ನೋಡಿ ಅವನು ಅದನ್ನು ಹೇಳಲಿಲ್ಲ.

ಜೆನೀವಾ ಟವೆಲ್ ಹೊದ್ದುಕೊಂಡೇ ಬಂದು ಗಂಗವ್ವನ ಮುಂದೆ ಕುಳಿತಳು.

"ಅತ್ತೀ, ಉಪ್ಪು ಐತಿ ಅಂತ ನಂಗ ಗೊತ್ತಾತು. ಮೊದಲನೇ ತುತ್ತಿಗೇ ಗೊತ್ತಾತು."

"ಮತ್ತ ಯಾಕ ಉಂಡಿ?"

"ಯಾವಾಗ್ಲೂ ನಾನ ಹಾಕ್ಕೊಂಡು ಉಣ್ತಿದ್ದೆ. ನಿನ್ನಿ ನೀವು ಬಡಿಸಿದ್ರಿ. ಹ್ಯಾಂಗ ಬಿಡ್ಲಿ? ಬೆವರು ಬಂದ್ರ ಹೋಗ್ತೈತಿ ಅಂತ ತಿಳ್ಕೊಂಡೆ. ನಂದೂ ತಪ್ಪದರಿ."

ಗಂಗವ್ವ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕುಳಿತಳು.

ಎಲ್ಬರ್ಟ್ ಅಷ್ಟರಲ್ಲಿ ಚೀಲದಿಂದ ಪಟ್ಟಿ ಕತ್ತರಿಸುವ ಕತ್ತರಿ ತೆಗೆದಿದ್ದ. ಜೆನೀವಾಳ ತಲೆಯ ತುಂಬ ಹೆಣೆದ ಸಣ್ಣ ಸಣ್ಣ ಜಡೆಗಳು ಸೊಂಟದವರೆಗೆ ಇಳಿದಿದ್ದವು. "ಇವು ಹೋದರೆ ಸಾಕಾಗಬಹುದು," ಎಂದು ಮೆಲ್ಲಗೆ ಹೇಳಿದ.

"ತಡೀರಿ!" ಗಂಗವ್ವ ಎದ್ದೇಬಿಟ್ಟಳು. "ಶುಕ್ರವಾರ! ಮುತ್ತೈದಿ ತಲೀಗೆ ಕತ್ತರಿ ಹಚ್ತೀರೇನು? ಶ್ರೀಶೈಲ, ಹೇಳೋ ಇವರಿಗೆ. ಆ ಕೇಡು ಯಾರ ಮ್ಯಾಲೆ ಬರ್ತೈತಿ? ನಿನ್ನ ಮ್ಯಾಲಲ್ಲೇನು?"

"ಯವ್ವಾ, ನಾ ಗಟ್ಟಿ ಅದೀನಿ. ಬೆನ್ನೊಂದು ಬಿಟ್ರ."

ಯಾರೂ ನಗಲಿಲ್ಲ. ಜೆನೀವಾ ತಂದೆಯ ಕೈಯನ್ನು ಮೆತ್ತಗೆ ಕೆಳಗಿಳಿಸಿದಳು. "ಬೇಡ, ಡ್ಯಾಡಿ. ಅವರಿಗೆ ಇರುವುದು ಒಬ್ಬನೇ ಮಗ. ಆ ಭಯವನ್ನು ಅವರ ಎದೆಯಲ್ಲಿಟ್ಟು ನಾನು ಬೆಲ್ಟ್ ಉಳಿಸಿಕೊಳ್ಳಲಾರೆ." ಇಂಗ್ಲಿಷಿನಲ್ಲಿ ಹೇಳಿದಳು. ನಂತರ ಗಂಗವ್ವನ ಕಡೆ ತಿರುಗಿ, "ನೀವು ಬ್ಯಾಡ ಅಂದ್ರ ಬ್ಯಾಡ್ರಿ, ಅತ್ತೀ," ಎಂದಳು.

"ಏನಂದ್ಳು ಆಕಿ?"

ಶ್ರೀಶೈಲ್ ಕನ್ನಡದಲ್ಲಿ ಹೇಳಿದ. ಕಿಟಕಿಯಾಚೆ ಹೆದ್ದಾರಿಯ ಕಾರುಗಳು ಸದ್ದಿಲ್ಲದೆ ಸರಿಯುತ್ತಿದ್ದವು. ಗಂಗವ್ವ ಮಗನನ್ನು ನೋಡಿದಳು. ಇಪ್ಪತ್ತು ಚಿಲ್ಲರೆ ವರ್ಷ ಕಟ್ಟಿದ್ದನ್ನು ಒಂದು ಮಾತಿಗೆ ಬಿಟ್ಟುಕೊಡಲು ಕುಳಿತ ಆ ಹೆಣ್ಣುಮಗಳನ್ನು ನೋಡಿದಳು. ತನ್ನ ಮಗನ ಆಯುಷ್ಯವನ್ನು ತನಗಿಂತ ಜೋಪಾನವಾಗಿ ಹಿಡಿದುಕೊಂಡ ಕೈ ಇದು... ಇದನ್ನು ಆರು ವರ್ಷ ಹೊಸ್ತಿಲಾಚೆ ನಿಲ್ಲಿಸಿದ್ದೆನಲ್ಲಾ!

"ಬೀಗ್ರೇ, ಕೊಡ್ರಿ ಇಲ್ಲೆ," ಎಂದು ಎಲ್ಬರ್ಟನ ಮುಂದೆ ಕೈ ಚಾಚಿದಳು.

"ಯವ್ವಾ, ಹೊತ್ತಿಲ್ಲ..."

"ಅದಕ್ಕ ಕೊಡ್ರಿ ಅಂದೆ. ನಾನ ಕತ್ತರಸ್ತೀನಿ. ಕೇಡು ಬರೂದಿದ್ರ ಕತ್ತರಿ ಹಿಡದಾಕಿಗೆ ಬರ್ಲಿ. ಬಾ ಜೆನೀವಾ, ಕೂಡು. ತಲಿ ಅಲುಗಿಸಬ್ಯಾಡ."

ಹೆಸರು ಕೇಳಿ ಜೆನೀವಾ ಕಣ್ಣು ಮುಚ್ಚಿಕೊಂಡಳು. ಅಳುವಷ್ಟು ನೀರು ಮೈಯಲ್ಲಿ ಉಳಿದಿರಲಿಲ್ಲ. ಗಂಗವ್ವ ಒಂದೊಂದೇ ಜಡೆ ಎತ್ತಿ ಬುಡದ ಹತ್ತಿರ ಕತ್ತರಿಸಿದಳು. ಯಾವುದನ್ನೂ ನೆಲಕ್ಕೆ ಬೀಳಗೊಡದೆ ತನ್ನ ಉಡಿಯಲ್ಲಿ ಹಾಕಿಕೊಂಡಳು.

ಹನ್ನೆರಡಕ್ಕೆ ಕೆಳಗಿನ ಸಭಾಂಗಣದಲ್ಲಿ ಬಿಳಿ ಬೆಡ್‌ಶೀಟ್ ಮರೆಗೆ ಹಿಡಿಯಲಾಯಿತು. ಒಂದು ತುದಿಯನ್ನು ಆಯೋಜಕರ ಹುಡುಗಿ ಹಿಡಿದಿದ್ದಳು, ಇನ್ನೊಂದನ್ನು ಗಂಗವ್ವ. ಜೆನೀವಾ ಉಟ್ಟದ್ದೆಲ್ಲವನ್ನೂ ಕಳಚಿ ತಕ್ಕಡಿಯ ಮೇಲೆ ನಿಂತು ಉಸಿರು ಬಿಟ್ಟಳು. ಅಧಿಕಾರಿಣಿ ಬಾಗಿ ನೋಡಿ, ಗಟ್ಟಿಯಾಗಿ ಓದಿದಳು.

ನೂರ ಮೂವತ್ತನಾಲ್ಕು ಪಾಯಿಂಟ್ ಒಂಬತ್ತು ಪೌಂಡ್.